ಟೇಪು ಹಿಡಿದು ಕಣ್ಣು ಕೊಟ್ಟರು

ಕುರುಡುತನ ಕಡಿಮೆ ಮಾಡೋಕೆ ಕಣ್ಣಿನ ಡಾಕ್ಟರು ಬೇಕು, ಆಪರೇಷನ್ ಥಿಯೇಟರ್ ಬೇಕು ಅಂತ ನಾವು ಸುಮ್ನೆ ಅಂದುಕೊಂಡಿದ್ದೆವು. ಅಳತೆ ಟೇಪು ಒಂದಿದ್ದರೂ ಆಗುತ್ತೆ ಅಂತ 2017ರಲ್ಲಿ ಕೇಂದ್ರ ಸರ್ಕಾರ ತೋರಿಸಿಕೊಟ್ಟಿತು.

1976ರಲ್ಲಿ ಕುರುಡುತನ ನಿಯಂತ್ರಣ ಕಾರ್ಯಕ್ರಮ ಶುರುವಾದಾಗ ಇದ್ದ ಲೆಕ್ಕ ಇದು: ಆರು ಮೀಟರ್ ದೂರದಿಂದ ಬೆರಳು ಎಣಿಸೋಕೆ ಆಗದವರು ಕುರುಡರು. 2017ರಲ್ಲಿ ಆರು ಹೋಗಿ ಮೂರು ಆಯಿತು. ಅಂದರೆ ನಾಲ್ಕೈದು ಮೀಟರ್ ದೂರದ ಬೆರಳಷ್ಟೇ ಕಾಣುತ್ತಿದ್ದ ಜನಕ್ಕೆಲ್ಲ, ಯಾರೂ ಒಂದು ಹನಿ ಔಷಧಿ ಹಾಕದೆ, ದೃಷ್ಟಿ ಬಂದುಬಿಟ್ಟಿತು. ಪಾಪ, ಅವರಿಗೇ ಗೊತ್ತಾಗಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಳತೆಯೂ ಮೂರೇ ಮೀಟರ್, ಬೇರೆ ದೇಶಗಳ ಜೊತೆ ಹೋಲಿಸಬೇಕಲ್ಲ ಅಂದರು. ಸರಿ, ಒಪ್ಪೋಣ. ಆದರೆ ಈ ಬುದ್ಧಿ ನಲವತ್ತು ವರ್ಷ ಬಾರದೆ, 2020ರೊಳಗೆ ಕುರುಡುತನವನ್ನು ಶೇ. 0.3ಕ್ಕೆ ಇಳಿಸಬೇಕು ಅನ್ನೋ ಗುರಿಗೆ ಮೂರು ವರ್ಷ ಉಳಿದಿದ್ದಾಗ ಬಂತು ನೋಡಿ! 2019ರಲ್ಲಿ ಸಮೀಕ್ಷೆ ಹೊರಬಂತು. 2006-07ರಲ್ಲಿ ಶೇ. 1 ಇದ್ದದ್ದು ಶೇ. 0.36ಕ್ಕೆ ಇಳಿದಿತ್ತು. ಲಕ್ಷಗಟ್ಟಲೆ ಆಪರೇಷನ್ ಆಗಿವೆ, ಇಲ್ಲ ಅನ್ನಲ್ಲ. ಅದರಲ್ಲಿ ಡಾಕ್ಟರ ಪಾಲೆಷ್ಟು, ಟೇಪಿನ ಪಾಲೆಷ್ಟು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಅದೇ ಸಮೀಕ್ಷೆ ಇನ್ನೊಂದು ಮಾತೂ ಹೇಳಿತ್ತು: ಐವತ್ತು ದಾಟಿದವರ ಕುರುಡುತನದಲ್ಲಿ ಮೂರರಲ್ಲಿ ಎರಡು ಪಾಲು ಬರೀ ಕಣ್ಣಿನ ಪೊರೆಯದ್ದು. ಅರ್ಧ ಗಂಟೆಯೂ ಹಿಡಿಯದ ಆಪರೇಷನ್ ಅದು, ಸರ್ಕಾರಿ ಆಸ್ಪತ್ರೆಯಲ್ಲಿ ಫ್ರೀ. ಅಜ್ಜಿಯನ್ನು ಕರೆದುಕೊಂಡು ಹೋಗೋ ಮಗನ ಎರಡು ದಿನದ ಕೂಲಿ ಯಾರು ಕೊಡ್ತಾರೆ ಅಂತ ಮಾತ್ರ ಕೇಳಬೇಡಿ.

ಇನ್ನು ಅಂಗವಿಕಲರ ಸರ್ಟಿಫಿಕೇಟಿನ ಕಥೆಯಂತೂ ಬೇರೆಯೇ. ಸಮೀಕ್ಷೆಯವರು ಮನೆಗೆ ಬಂದರೆ ಅಜ್ಜಿ ಹೇಗಿದ್ದಾರೋ ಹಾಗೇ ನೋಡುತ್ತಾರೆ. ಕನ್ನಡಕ ಇಲ್ಲವಾ, ಇಲ್ಲ. ಬೆರಳು ಕಾಣಲಿಲ್ಲವಾ, ಕುರುಡಿ ಅಂತ ಬರೆದುಕೊಂಡು ಹೋಗುತ್ತಾರೆ. ಅದೇ ಅಜ್ಜಿ ಸರ್ಟಿಫಿಕೇಟಿಗೆ ಅಂತ ಜಿಲ್ಲಾ ಆಸ್ಪತ್ರೆಗೆ ಹೋದರೆ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾಧ್ಯವಾದಷ್ಟೂ ಒಳ್ಳೆಯ ಕನ್ನಡಕ ಹಾಕಿಸಿಯೇ ನೋಡಬೇಕು. ಹಾಗಾಗಿ ಮೂಗಿನ ಮೇಲೆ ಚೌಕಟ್ಟು ಸಿಕ್ಕಿಸಿ, ಒಂದೊಂದೇ ಗಾಜು ಬದಲಿಸಿ, 'ಈಗ ಕಾಣುತ್ತಾ ಅಜ್ಜಿ' ಅಂತಾರೆ. ಕಾಣುತ್ತಪ್ಪಾ ಅಂದರೋ, ಕೆಟ್ಟರು. ಗಾಜು ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಳ್ಳುತ್ತಾರೆ. ಅಜ್ಜಿಗೆ ಸರ್ಟಿಫಿಕೇಟೂ ಇಲ್ಲ, ಅದರ ಮೇಲೆ ಸಿಗೋ ಪಿಂಚಣಿಯೂ ಇಲ್ಲ. ಕಣ್ಣು ಕಾಣೋರಿಗೆ ಅದೆಲ್ಲ ಯಾಕೆ, ಅಲ್ವಾ?