ಸೀರೆಯೊಳಗೆ ಮಡಿಸಿದ ಮೊಣಕಾಲು

ಕಳೆದ ಭಾನುವಾರ ಉಡುಪಿಯ ಒಂದು ಮದುವೆ ಹಾಲ್‌ನಲ್ಲಿ ಕಂಡದ್ದನ್ನು ನಾಲ್ಕು ದಿನಗಳಿಂದ ಮನಸ್ಸಿನಲ್ಲಿ ಹೊತ್ತುಕೊಂಡು ತಿರುಗುತ್ತಿದ್ದೇನೆ. ಬ್ಯಾಂಕಿನಲ್ಲಿ ಕೂತಾಗಲೂ ಅದೇ, ಸುರತ್ಕಲ್‌ಗೆ ಹಿಂದಿರುಗುವ ಬಸ್ಸಿನಲ್ಲೂ ಅದೇ. ಬರೆಯದ ಹೊರತು ಇದು ನನ್ನನ್ನು ಬಿಡುವಂತೆ ಕಾಣುವುದಿಲ್ಲ.

ನಮ್ಮ ನೆಂಟರ ಮನೆಯ ಹುಡುಗಿಯ ಮದುವೆ. ಹುಡುಗಿ ಐದು ಅಡಿ ಎಂಟು ಇಂಚು, ಹುಡುಗ ಅವಳಿಗಿಂತ ಒಂದು ಇಂಚು ಕಡಿಮೆ. ಧಾರೆ ಮುಗಿದಿತ್ತು, ಉಡುಗೊರೆ ಕೊಡುವವರ ಸಾಲು ಊಟದ ಹಾಲ್‌ನ ಬಾಗಿಲಿನವರೆಗೂ ಬೆಳೆದಿತ್ತು. ಕವರುಗಳನ್ನು ಇಸಿದುಕೊಳ್ಳುವ ಚೀಲ ಹಿಡಿದು ನಾನು ಮದುಮಗಳ ಹಿಂದೆಯೇ ನಿಂತಿದ್ದೆ. ಫೋಟೋ ತೆಗೆಯುವ ಹುಡುಗ ಎರಡು ಚಿತ್ರ ತೆಗೆದು, ಕ್ಯಾಮರಾ ಇಳಿಸಿ, "ಮೇಡಂ, ನೀವು ಸ್ವಲ್ಪ ಕೆಳಗೆ ಬನ್ನಿ" ಎಂದ. ಅವಳಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿದ್ದ ಅತ್ತೆಯೊಬ್ಬರು ಬಾಗಿ, "ಮೊಣಕಾಲು ಚೂರು ಮಡಿಸು ಮಗಾ, ಸೀರೆಯೊಳಗೆ ಗೊತ್ತಾಗುವುದಿಲ್ಲ" ಎಂದರು. ಮದುಮಗ, "ಬೇಡ, ಹಾಗೇ ನಿಲ್ಲಲಿ" ಎಂದದ್ದು ನನಗೆ ಕೇಳಿಸಿತು, ಬೇರೆ ಯಾರೂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವಳು ಮಡಿಸಿದಳು. ಮುಕ್ಕಾಲು ಗಂಟೆ ಹಾಗೆಯೇ ನಿಂತಳು. ಎದುರಿನಿಂದ ನೋಡಿದವರಿಗೆ ನಗುಮುಖದ ಮದುಮಗಳು ಕಂಡಿರಬೇಕು. ಹಿಂದೆ ನಿಂತಿದ್ದ ನನಗೆ ಕಂಡದ್ದು ನೆಲಕ್ಕೆ ತಾಗಿ ಮಡಿಚಿಕೊಂಡ ನೆರಿಗೆಯ ಅಂಚು, ಆ ಅಂಚಿನ ಸಣ್ಣ ನಡುಕ, ಮತ್ತು ಹಿಂದಿನ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದ ಅವಳ ಎಡಗೈ. ಹೊಸ ಬಳೆಗಳು ಮಣಿಕಟ್ಟಿನಲ್ಲಿ ಒತ್ತಿ ಕೆಂಪು ಗೆರೆ ಮೂಡಿತ್ತು. ಬೆಂಗಳೂರಿನಲ್ಲಿ ದೊಡ್ಡ ಕೆಲಸದಲ್ಲಿರುವ, ತನ್ನ ಮದುವೆಯ ಖರ್ಚಿನ ಅರ್ಧವನ್ನು ತಾನೇ ಹಾಕಿದ ಹುಡುಗಿ ತನ್ನ ಮದುವೆಯ ದಿನವೇ ಒಂದು ಇಂಚನ್ನು ಬಚ್ಚಿಡಲು ಮೊಣಕಾಲು ಮಡಿಸಿ ನಿಲ್ಲಬೇಕಾಯಿತು. ನಾನು ಬಾಯಿ ಬಿಡಲಿಲ್ಲ. ಚೀಲ ಹಿಡಿದುಕೊಂಡು ನಿಂತೇ ಇದ್ದೆ. ನನ್ನ ಸಿಟ್ಟಿನ ಒಂದು ಪಾಲು ನನ್ನ ಮೇಲೆಯೇ ಇದೆ.

ನನ್ನನ್ನು ಬಲ್ಲವರಿಗೆ ನನ್ನ ಎತ್ತರವನ್ನು ಹೇಳಬೇಕಾಗಿಲ್ಲ. ಐದು ಅಡಿ ಒಂಬತ್ತು ಇಂಚು, ಎಂದರೆ 175 ಸೆಂಟಿಮೀಟರ್. ಭಾರತದ ಹೆಂಗಸರ ಸರಾಸರಿ ಎತ್ತರ ಸುಮಾರು 152 ಸೆಂಟಿಮೀಟರ್ ಆಗಿರುವಾಗ, ಆರನೆಯ ತರಗತಿಯಿಂದಲೂ ನಾನು ಎಲ್ಲರ ಕಣ್ಣಿಗೆ ಬೀಳುತ್ತಲೇ ಬೆಳೆದವಳು. ಮನೆಯಲ್ಲಿ ಪೇರಳೆ ಕೊಯ್ಯುವಾಗ "ದೋಟಿ ಬೇಡ, ಇವಳಿದ್ದಾಳೆ" ಎನ್ನುತ್ತಿದ್ದರು. ಅದು ನನಗೆ ನೋವಾಗಲಿಲ್ಲ, ಉಪಯೋಗಕ್ಕೆ ಬಂದೆನಲ್ಲ ಎಂಬ ಸಂತೋಷವೇ ಇತ್ತು. ನೋವಾದದ್ದು ಹದಿಮೂರನೆಯ ವಯಸ್ಸಿನಲ್ಲಿ, ಅಂಗಳಕ್ಕೆ ಬಂದ ನೆಂಟರೊಬ್ಬರು ನನ್ನನ್ನು ಮೇಲಿಂದ ಕೆಳಗೆ ನೋಡಿ ಅಮ್ಮನ ಬಳಿ, "ಪೊಣ್ಣು ಮಸ್ತ್ ಉದ್ದ ಉಲ್ಲಳತ್ತಾ (ಹುಡುಗಿ ತುಂಬ ಉದ್ದ ಇದ್ದಾಳಲ್ಲವೇ), ಇವಳಿಗೆ ಗಂಡು ಎಲ್ಲಿಂದ ತರುತ್ತೀರಿ?" ಎಂದು ಕೇಳಿದಾಗ. ಅಂದಿನಿಂದ ನನ್ನ ಎತ್ತರ ನನ್ನದಾಗಿ ಉಳಿಯಲಿಲ್ಲ. ಹೆಸರಿಲ್ಲದ, ಮುಖವಿಲ್ಲದ, ಇನ್ನೂ ನಮ್ಮ ಮನೆಯ ಮೆಟ್ಟಿಲು ಹತ್ತದ ಒಬ್ಬ ಗಂಡಸಿನ ಭುಜಕ್ಕೆ ಹಿಡಿದು ಅಳೆಯುವ ವಸ್ತುವಾಯಿತು.

ನನ್ನ ಮಾತು ಇದೊಂದೇ. ಹೆಣ್ಣಿನ ಎತ್ತರವನ್ನು ನಮ್ಮಲ್ಲಿ ಯಾರೂ ಅದರಷ್ಟಕ್ಕೆ ನೋಡುವುದಿಲ್ಲ, ಪಕ್ಕದಲ್ಲಿ ನಿಂತಿರುವ ಅಥವಾ ಮುಂದೊಂದು ದಿನ ನಿಲ್ಲಬೇಕಾದ ಗಂಡಸಿಗೆ ಹೋಲಿಸಿಯೇ ನೋಡುತ್ತಾರೆ. ಹುಡುಗ ಉದ್ದ ಬೆಳೆದರೆ ಆಳು ಒಳ್ಳೆಯವನಿದ್ದಾನೆ ಎನ್ನುತ್ತಾರೆ. ಯಕ್ಷಗಾನದ ಹುಚ್ಚಿದ್ದ ನನ್ನ ಅಪ್ಪ ಒಬ್ಬ ವೇಷಧಾರಿಯನ್ನು ಮೆಚ್ಚಿದರೆ ಮೊದಲು ಹೊಗಳುತ್ತಿದ್ದುದು ಅವರ ಆಳಂಗವನ್ನು, ಎಂದರೆ ಮೈಕಟ್ಟು ನಿಲುವುಗಳನ್ನು; ರಂಗಸ್ಥಳಕ್ಕೆ ಬಂದು ನಿಂತರೆ ಸಾಕು, ರಂಗ ತುಂಬುತ್ತದೆ ಎಂದು ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಹೇಳುತ್ತಿದ್ದರು. ಅದೇ ಅಪ್ಪ ನಾನು ಜಗಲಿಗೆ ಬರುವಾಗ, "ನೆಂಟರಿದ್ದಾರೆ, ಕೂತುಕೊಂಡೇ ಮಾತಾಡು" ಎನ್ನುತ್ತಿದ್ದರು. ನನಗೆ ಅಪ್ಪನ ಮೇಲೆ ದ್ವೇಷವಿಲ್ಲ, ಅವರಿಗೆ ಹೆದರಿಕೆ ಇತ್ತು. ಜೀವಮಾನದಲ್ಲಿ ಒಂದು ಸುಳ್ಳು ಲೆಕ್ಕ ಬರೆಯದ ಮನುಷ್ಯ 2003ರಲ್ಲಿ ನನ್ನ ಬಯೋಡಾಟಾದಲ್ಲಿ ಐದು ಅಡಿ ಏಳು ಇಂಚು ಎಂದು ಬರೆದರು.

ಅದೇ ಕಾಲಕ್ಕೆ ನಮ್ಮ ಚಿಕ್ಕಪ್ಪ ತಮ್ಮ ಮಗಳಿಗೆ ಎರಡು ಇಂಚು ಕೂಡಿಸುತ್ತಿದ್ದರು. ಅವಳು ನಾಲ್ಕು ಅಡಿ ಹತ್ತು ಇಂಚು, ಬರೆದದ್ದು ಐದು ಅಡಿ. ಹದಿನೆಂಟು ತುಂಬಿದ ಮೇಲೂ ಅವಳನ್ನು ಮಾಡಿನ ತೊಲೆಗೆ ಜೋತು ಬೀಳಿಸುತ್ತಿದ್ದರು, ಎತ್ತರ ಹೆಚ್ಚಿಸುತ್ತದೆಂಬ ಪುಡಿಯೊಂದನ್ನು ಹಾಲಿಗೆ ಕದಡಿ ಕುಡಿಸುತ್ತಿದ್ದರು. ಮೂಳೆಗಳ ತುದಿಯಲ್ಲಿರುವ ಬೆಳವಣಿಗೆಯ ಪಟ್ಟಿ ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ ಹದಿನಾಲ್ಕರಿಂದ ಹದಿನಾರರ ಸುಮಾರಿಗೆ ಮುಚ್ಚಿಕೊಳ್ಳುತ್ತ ಬರುತ್ತದೆ, ಅದು ಮುಚ್ಚಿದ ಮೇಲೆ ಯಾವ ಪುಡಿಯೂ ಒಂದು ಎಳೆಯಷ್ಟು ಉದ್ದ ಕೊಡಲಾರದು ಎಂದು ಅವರಿಗೆ ಯಾರೂ ಹೇಳಲಿಲ್ಲ. ಅವಳು ಈಗ ಮಂಗಳೂರಿನ ಒಂದು ಕಾಲೇಜಿನಲ್ಲಿ ಹದಿನೈದು ವರ್ಷಗಳಿಂದ ಪಾಠ ಹೇಳುತ್ತಿದ್ದಾಳೆ. ಇಂದಿಗೂ ಮಕ್ಕಳ ಹೆತ್ತವರು ಬಂದು ಅವಳನ್ನೇ, "ಮಗಾ, ನಿಮ್ಮ ಮೇಡಂ ಎಲ್ಲಿದ್ದಾರೆ?" ಎಂದು ಕೇಳುತ್ತಾರಂತೆ. ಸಭೆಯೊಂದರಲ್ಲಿ ಹಿರಿಯರೊಬ್ಬರು ಅವಳ ತಲೆ ಸವರಿದರಂತೆ. "ಅಕ್ಕಾ, ನಿನ್ನನ್ನು ಕಂಡರೆ ಹೆದರುತ್ತಾರೆ, ನನ್ನನ್ನು ಕಂಡರೆ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ" ಎಂದು ಅವಳು ಒಮ್ಮೆ ನನ್ನ ಅಡುಗೆ ಮನೆಯಲ್ಲಿ ಕಣ್ಣೀರು ಒರೆಸಿಕೊಂಡಿದ್ದಾಳೆ. ನನ್ನಿಂದ ಕಳೆದದ್ದನ್ನೂ ಅವಳಿಗೆ ಕೂಡಿಸಿದ್ದನ್ನೂ ಲೆಕ್ಕ ಹಾಕಿದರೆ ನಮ್ಮ ಮನೆತನಕ್ಕೆ ಬೇಕಾಗಿದ್ದದ್ದು ಸುಮಾರು ಐದು ಅಡಿ ಮೂರು ಇಂಚಿನ ಹೆಣ್ಣುಮಕ್ಕಳು, ಯಾವ ಗಂಡಿನ ಪಕ್ಕದಲ್ಲಿಯೂ ತಕರಾರಿಲ್ಲದೆ ನಿಲ್ಲುವವರು.

ಹೀಗೆ ಬೇಕಾದ ಅಳತೆಗೆ ಹೆಣ್ಣನ್ನು ಕತ್ತರಿಸುವುದು ಮಾತಿನಲ್ಲಿಯೇ ಮುಗಿದಿಲ್ಲ. ಈಸ್ಟ್ರೋಜನ್ ಹಾರ್ಮೋನು ಏರಿದಂತೆ ಆ ಬೆಳವಣಿಗೆಯ ಪಟ್ಟಿಗಳು ಮುಚ್ಚುತ್ತವೆ ಎಂಬ ತಿಳಿವಳಿಕೆಯನ್ನು ಹಿಡಿದುಕೊಂಡು, 1950ರ ದಶಕದಿಂದೀಚೆಗೆ ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ವೈದ್ಯರು ಎತ್ತರ ಬೆಳೆಯುತ್ತಿದ್ದ, ಯಾವ ಕಾಯಿಲೆಯೂ ಇಲ್ಲದ ಹುಡುಗಿಯರಿಗೆ ಈಸ್ಟ್ರೋಜನ್ ಮಾತ್ರೆಗಳನ್ನು ಕೊಟ್ಟರು. ತಾಯಂದಿರೇ ಮಕ್ಕಳನ್ನು ಕರೆದುಕೊಂಡು ಹೋದರು. ಎತ್ತರದ ಹುಡುಗಿಗೆ ಗಂಡ ಸಿಗುವುದು ಕಷ್ಟ ಎಂಬುದು ಅಲ್ಲಿಯೂ ಇದ್ದ ಚಿಂತೆ. ಆ ಹುಡುಗಿಯರು ದೊಡ್ಡವರಾದ ಮೇಲೆ ಆಸ್ಟ್ರೇಲಿಯಾದಲ್ಲಿ ಅವರನ್ನು ಹುಡುಕಿ ವಿಚಾರಿಸಿದ ಅಧ್ಯಯನ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು: ಮಾತ್ರೆ ತೆಗೆದುಕೊಂಡವರಿಗೆ, ತೆಗೆದುಕೊಳ್ಳದ ಎತ್ತರದ ಹೆಂಗಸರಿಗಿಂತ, ಗರ್ಭ ನಿಲ್ಲುವುದು ಹೆಚ್ಚು ಕಷ್ಟವಾಗಿತ್ತು. ಇದನ್ನು ಮೊದಲ ಬಾರಿ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮ ಅಂಗಳದಲ್ಲಿ ಅಂದು ಆ ಪ್ರಶ್ನೆ ಕೇಳಿದಾಗ ಅಮ್ಮನ ಕೈಗೆ ಅಂಥದೊಂದು ಮಾತ್ರೆ ಸಿಕ್ಕಿದ್ದರೆ ಅವರು ಕೊಡದೆ ಇರುತ್ತಿದ್ದರೇ? ಕೊಡುತ್ತಿದ್ದರು ಎಂದೇ ನನಗೆ ಅನ್ನಿಸುತ್ತದೆ, ಪ್ರೀತಿಯಿಂದಲೇ ಕೊಡುತ್ತಿದ್ದರು.

ಎತ್ತರ ನಾವು ಮಾಡಿಕೊಂಡದ್ದಲ್ಲ ಎಂಬುದನ್ನು ಎಷ್ಟು ಸಲ ಹೇಳಬೇಕು? 54 ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವು ಎತ್ತರಕ್ಕೆ ಸಂಬಂಧಿಸಿದ 12 ಸಾವಿರಕ್ಕೂ ಹೆಚ್ಚು ಸಣ್ಣ ವ್ಯತ್ಯಾಸಗಳನ್ನು ಗುರುತಿಸಿದೆ. ಅವುಗಳಲ್ಲಿ ಯಾವುದನ್ನು ನಾನು ಆರಿಸಿಕೊಂಡೆ, ಯಾವುದನ್ನು ನನ್ನ ತಂಗಿ ಬೇಡವೆಂದಳು? ಉಳಿದದ್ದು ಊಟ ಮತ್ತು ಆರೋಗ್ಯ. 200 ದೇಶಗಳ ನೂರು ವರ್ಷಗಳ ಎತ್ತರದ ಲೆಕ್ಕವನ್ನು 2016ರಲ್ಲಿ ಪ್ರಕಟಿಸಿದಾಗ, ದಕ್ಷಿಣ ಕೊರಿಯಾದಲ್ಲಿ 1996ರಲ್ಲಿ ಹುಟ್ಟಿದ ಹೆಂಗಸರು 1896ರಲ್ಲಿ ಹುಟ್ಟಿದವರಿಗಿಂತ ಸರಾಸರಿ 20 ಸೆಂಟಿಮೀಟರ್ ಎತ್ತರವಾಗಿದ್ದರು. ನನ್ನ ಅಜ್ಜಿ ನನ್ನ ಎದೆಯ ಮಟ್ಟಕ್ಕೂ ಬರುತ್ತಿರಲಿಲ್ಲ. ಮನೆಯ ಗಂಡಸರ ಊಟವಾಗಿ, ಗದ್ದೆಯ ಆಳುಗಳ ಊಟವಾಗಿ, ಅಡಿಯಲ್ಲಿ ಉಳಿದ ಗಂಜಿಯನ್ನು ಒಂದು ಉಪ್ಪಿನಕಾಯಿ ಹೋಳಿನೊಂದಿಗೆ ಉಣ್ಣುತ್ತ ಬೆಳೆದ ಹುಡುಗಿ ಅವರು. ಎತ್ತರದ ಬಗ್ಗೆ ನಿಜವಾಗಿ ಕಾಳಜಿ ಇರುವವರು ನೋಡಬೇಕಾದದ್ದು ಇಂಥ ಕಡೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 35ಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕಷ್ಟು ಬೆಳೆದಿಲ್ಲ. ಮದುವೆ ಹಾಲ್‌ನಲ್ಲಿ ಒಂದು ಇಂಚಿಗಾಗಿ ಕಳವಳಪಟ್ಟ ಯಾರ ಬಾಯಿಂದಲೂ ಆ ಮಕ್ಕಳ ಮಾತು ನಾನು ಕೇಳಿಲ್ಲ.

ಜೋಡಿ ಚಂದ ಕಾಣಲಿ ಎಂದಷ್ಟೇ ಹೇಳುವುದು, ಅದರಲ್ಲಿ ತಪ್ಪೇನು ಎಂದು ನನ್ನ ಆತ್ಮೀಯ ಗೆಳತಿಯೇ ಸೋಮವಾರ ಫೋನಿನಲ್ಲಿ ಕೇಳಿದಳು. ಅವಳ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ, ಈ ಮಾತನ್ನು ನಾನು ಒಪ್ಪುವುದಿಲ್ಲ. ಚಂದ ಕಾಣಲು ಅಂದು ನೋವು ತಿಂದದ್ದು ಒಬ್ಬಳೇ. ಹುಡುಗರಿಗೂ ಕಡಿಮೆ ಎತ್ತರದ ಬಗ್ಗೆ ಮಾತು ಬರುತ್ತದಲ್ಲ ಎಂದಳು. ಬರುತ್ತದೆ, ಅದೂ ಕ್ರೂರವೇ, ಮತ್ತು ಅದು ಬರುವುದು ಇದೇ ಅಳತೆಗೋಲಿನಿಂದ. ಮದುಮಗಳು ಮೊಣಕಾಲು ಮಡಿಸಿದ ಆ ಕ್ಷಣದಲ್ಲಿ ಆ ಹುಡುಗನ ಮುಖ ಹೇಗೆ ಬಾಡಿತ್ತೆಂದು ನಾನು ನೋಡಿದ್ದೇನೆ. ಎಲ್ಲರೆದುರು ಅವನಿಗೆ ನೀನು ಸಾಲುವುದಿಲ್ಲ ಎಂದು ಹೇಳಿದಂತಾಗಿತ್ತು.

ದೀಪಿಕಾ ಪಡುಕೋಣೆಯವರ ಮನೆತನದ ಊರು ನಮ್ಮ ಉಡುಪಿ ಜಿಲ್ಲೆಯದೆಂದು, ಶಿಲ್ಪಾ ಶೆಟ್ಟಿಯವರು ಮಂಗಳೂರಿನಲ್ಲಿ ಹುಟ್ಟಿದವರೆಂದು ಹೆಮ್ಮೆಪಡುವವರು ನಾವೇ, ಪರದೆಯ ಮೇಲೆ ಅವರ ನಿಲುವನ್ನು ಮೆಚ್ಚುವವರೂ ನಾವೇ. ನಮ್ಮ ಕರಾವಳಿಯ ಸಹನಾ ಕುಮಾರಿಯವರು 2012ರಲ್ಲಿ 1.92 ಮೀಟರ್ ಎತ್ತರ ಜಿಗಿದು ರಾಷ್ಟ್ರೀಯ ದಾಖಲೆ ಮಾಡಿ ಲಂಡನ್ ಒಲಿಂಪಿಕ್ಸ್‌ಗೆ ಹೋದರು. ಎಂದರೆ ಆರು ಅಡಿ ಮೂರು ಇಂಚಿಗೂ ಮೇಲಿದ್ದ ಅಡ್ಡಕೋಲು. ಭಾನುವಾರ ಆ ವೇದಿಕೆಯ ಮೇಲೆ ಬಂದು ನಿಂತ ಯಾವ ಗಂಡಸಿನ ತಲೆಯೂ ಅಷ್ಟು ಎತ್ತರದಲ್ಲಿರಲಿಲ್ಲ. ಹೆಣ್ಣು ಎತ್ತರಕ್ಕೆ ಹೋಗುವುದನ್ನು ಮೈದಾನದಲ್ಲಿ ಚಪ್ಪಾಳೆ ತಟ್ಟಿ ನೋಡಬಲ್ಲ ನಾವು ಮದುವೆಯ ವೇದಿಕೆಯಲ್ಲಿ ಏಕೆ ಸಹಿಸಲಾರೆವು?

ಇನ್ನೊಂದು ಮಾತನ್ನು ಇಲ್ಲಿ ಹೇಳದಿದ್ದರೆ ಮೇಲಿನದೆಲ್ಲ ಅರ್ಧ ಸತ್ಯವಾಗುತ್ತದೆ. ನನ್ನ ಮಗಳಿಗೆ ಈಗ ಹದಿಮೂರು. ಕಳೆದ ಜೂನ್‌ನಲ್ಲಿ ಮಂಗಳೂರಿನ ಹಂಪನಕಟ್ಟೆಯ ಅಂಗಡಿಯಲ್ಲಿ ಸಮವಸ್ತ್ರ ಕೊಳ್ಳುವಾಗ, ಹಿಂದಿನ ವರ್ಷದ ಅಳತೆಗಿಂತ ನಾಲ್ಕು ಇಂಚು ಹೆಚ್ಚು ಬೇಕೆಂದು ಅಂಗಡಿಯವರು ಟೇಪು ಸುತ್ತುತ್ತ ಹೇಳಿದರು. ನನ್ನ ಬಾಯಿಂದ ತಟ್ಟನೆ ಬಂದದ್ದು, "ಸಾಕು ಮಾರಾಯ್ತಿ, ಇನ್ನು ಬೆಳೆಯಬೇಡ." ಮಗಳು ನಕ್ಕಳು. ಆದರೆ ಕನ್ನಡಿಯ ಮುಂದೆ ನಿಂತು ಅಂಗಿ ಹಾಕಿ ನೋಡುವಾಗ ಅವಳ ಎರಡೂ ಭುಜಗಳು ಒಳಕ್ಕೆ ಬಾಗಿದ್ದವು. ಆ ಬಾಗು ನನ್ನದು. ಇಪ್ಪತ್ತು ವರ್ಷ ಬಾಗಿ ನಡೆದು, ಈಗ ಬೆನ್ನಿನ ಮೇಲ್ಭಾಗದ ನೋವಿಗೆ ವಾರಕ್ಕೆರಡು ಸಲ ಗೋಡೆಗೆ ಬೆನ್ನು ಒತ್ತಿ ವ್ಯಾಯಾಮ ಮಾಡುತ್ತಿರುವ ನಾನೇ ಅದನ್ನು ಅವಳಿಗೆ ದಾಟಿಸಿದೆ. ಅಂಗಳದಲ್ಲಿ ಅಂದು ಕೇಳಿದ ಆ ಸ್ವರ ಮೂವತ್ತೆರಡು ವರ್ಷಗಳ ನಂತರ ನನ್ನ ಗಂಟಲಿನಿಂದ ಬಂತು. ಮನೆಗೆ ಬಂದು ಅವಳ ಕ್ಷಮೆ ಕೇಳಿದ್ದೇನೆ. "ಪರವಾಗಿಲ್ಲಮ್ಮ, ಎಲ್ಲರೂ ಹೇಳುತ್ತಾರೆ" ಎಂದಳು. ಆ "ಎಲ್ಲರೂ" ಎಂಬ ಮಾತಿನಲ್ಲಿ ನಾನೂ ಸೇರಿಹೋಗಿದ್ದೆ.

ಭಾನುವಾರದ ಸಾಲು ಕರಗಿ, ಹಿರಿಯರೆಲ್ಲ ಊಟಕ್ಕೆ ಎದ್ದ ಮೇಲೆ, ಮದುಮಗಳು ಗೋಡೆಗೆ ಕೈಯಿಟ್ಟು ಒಂದೊಂದೇ ಕಾಲನ್ನು ನಿಧಾನವಾಗಿ ನೇರ ಮಾಡಿದಳು. ಹುಡುಗ ಬಗ್ಗಿ ಅವಳ ನೆರಿಗೆ ಸರಿಮಾಡಿಕೊಟ್ಟ. ಊಟವಾಗಿ ಇಬ್ಬರೂ ಕೈತೊಳೆಯುವ ತೊಟ್ಟಿಯ ಬಳಿ ಅಕ್ಕಪಕ್ಕ ನಿಂತಿದ್ದರು. ಅವಳು ನೆಟ್ಟಗೆ, ಅವನಿಗಿಂತ ಒಂದು ಇಂಚು ಮೇಲೆ, ಒದ್ದೆ ಕೈಯನ್ನು ಅವನ ಶಾಲಿಗೆ ಒರೆಸುತ್ತ ನಗುತ್ತಿದ್ದಳು. ನಾನು ಫೋನ್ ತೆಗೆದು ಒಂದು ಚಿತ್ರ ಹೊಡೆದೆ. ಅದನ್ನು ಸೋಮವಾರ ಅವಳಿಗೆ ಕಳುಹಿಸಿ, ಇಲ್ಲಿ ಹಾಕಲೇ ಎಂದು ಕೇಳಿದ್ದೇನೆ. ಚಿತ್ರ ನೋಡಿದ್ದಾಳೆ, ಉತ್ತರ ಇನ್ನೂ ಬಂದಿಲ್ಲ. ಬರುವವರೆಗೆ ಅದು ನನ್ನ ಫೋನಿನಲ್ಲಿಯೇ ಇರುತ್ತದೆ.