ಪರ-ವಿರೋಧ: ಅಮೆರಿಕದ ಮಧ್ಯಮ ವರ್ಗ ನಿಜಕ್ಕೂ ಕುಸಿಯುತ್ತಿದೆಯೇ?

ಪರ: ಹೌದು, ನಮ್ಮ ಕಣ್ಣೆದುರಿಗೇ ಕುಸಿದಿದೆ

ನಾನಿರುವುದು ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದಿಂದ ಅರ್ಧ ಗಂಟೆಯ ದಾರಿ. ನಮ್ಮ ಪಕ್ಕದ ಮನೆಯ ಹಿರಿಯರು ಕಾರು ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಬಾಗಿಲು ಜೋಡಿಸುವ ಕೆಲಸ ಮಾಡಿ ನಿವೃತ್ತರಾದವರು. ಅವರು ಹೈಸ್ಕೂಲಿನಾಚೆಗೆ ಓದಿದವರಲ್ಲ, ಅವರ ಹೆಂಡತಿ ಹೊರಗೆ ದುಡಿದವರಲ್ಲ. ಆದರೂ ಆ ಒಂದೇ ಸಂಬಳದಲ್ಲಿ ಮನೆಯ ಸಾಲ ತೀರಿತು, ಮೂವರು ಮಕ್ಕಳು ಬೆಳೆದರು, ರಾಜ್ಯದ ಉತ್ತರದಲ್ಲಿ ಸರೋವರವೊಂದರ ದಂಡೆಯ ಮೇಲೆ ಸಣ್ಣದೊಂದು ಮರದ ಮನೆಯೂ ಮೀನು ಹಿಡಿಯುವುದಕ್ಕೆ ಒಂದು ಮೋಟಾರು ದೋಣಿಯೂ ಬಂದವು. ಅವರ ಕಿರಿಯ ಮಗ ಇಂದು ಅಂಥದೇ ಕಾರುಗಳಿಗೆ ಬಿಡಿಭಾಗ ಒದಗಿಸುವ ಗೋದಾಮಿನಲ್ಲಿ ಏಜೆನ್ಸಿಯ ಮೂಲಕ ದುಡಿಯುತ್ತಾನೆ. ಅವನ ಹೆಂಡತಿ ವೃದ್ಧಾಶ್ರಮವೊಂದರಲ್ಲಿ ರಾತ್ರಿ ಪಾಳಿ ಮಾಡುತ್ತಾಳೆ. ಎರಡು ಸಂಬಳ ಕೂಡಿದರೂ ಅವರಿಗೆ ಬಾಡಿಗೆ ಮನೆಯಿಂದ ಹೊರಬರಲು ಆಗಿಲ್ಲ. ಕಳೆದ ವರ್ಷ ಅವರ ಹುಡುಗ ಸೈಕಲ್ಲಿನಿಂದ ಬಿದ್ದು ಮೊಣಕೈ ಮುರಿದುಕೊಂಡಾಗ, ವಿಮೆಯ ಹಣ ಬರುವ ಮೊದಲು ಮನೆಯವರೇ ಕಟ್ಟಬೇಕಾದ ‘ಡಿಡಕ್ಟಿಬಲ್’ ಮೊತ್ತಕ್ಕಾಗಿ ಅಜ್ಜ ದೋಣಿಯನ್ನು ಮಾರಿದರು. ಅವರ ಗ್ಯಾರೇಜಿನಲ್ಲಿ ಈಗ ದೋಣಿಯ ಹೊದಿಕೆ ಮಾತ್ರ ಇದೆ, ಮೂಲೆಗೆ ಮೂಲೆ ಕೂಡಿಸಿ ಅಚ್ಚುಕಟ್ಟಾಗಿ ಮಡಿಸಿಟ್ಟದ್ದು.

ಒಂದು ಮನೆಯ ಕಥೆಯಿಂದ ದೇಶದ ಸ್ಥಿತಿಯನ್ನು ಅಳೆಯಬಾರದು ಎನ್ನುವವರಿಗೆ ದೇಶದ ಲೆಕ್ಕವೂ ಸಿಗುತ್ತದೆ. ಪ್ಯೂ ಸಂಶೋಧನಾ ಕೇಂದ್ರದ ಪ್ರಕಾರ 1971ರಲ್ಲಿ ಅಮೆರಿಕದ ವಯಸ್ಕರಲ್ಲಿ ಶೇ 61ರಷ್ಟು ಮಂದಿ ಮಧ್ಯಮ ಆದಾಯದ ಕುಟುಂಬಗಳಲ್ಲಿದ್ದರು. 2021ರಲ್ಲಿ ಉಳಿದವರು ಶೇ 50. ತಲೆಗಳ ಎಣಿಕೆಗಿಂತ ನನ್ನನ್ನು ಕಾಡುವುದು ಹಣದ ಎಣಿಕೆ. ದೇಶದ ಕುಟುಂಬಗಳ ಒಟ್ಟು ಆದಾಯದಲ್ಲಿ 1970ರಲ್ಲಿ ಶೇ 62ರಷ್ಟು ಈ ವರ್ಗದ ಕೈಗೆ ಬರುತ್ತಿತ್ತು, 2020ರ ಹೊತ್ತಿಗೆ ಅದು ಶೇ 42ಕ್ಕೆ ಇಳಿಯಿತು. ಅದೇ ಅವಧಿಯಲ್ಲಿ ಮೇಲ್ವರ್ಗದ ಪಾಲು ಶೇ 29ರಿಂದ ಶೇ 50ಕ್ಕೆ ಏರಿತು. ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಅವರ ಸಂಗಡಿಗರು ಮಾಡಿದ ಅಧ್ಯಯನದಲ್ಲಿ, 1940ರಲ್ಲಿ ಹುಟ್ಟಿದವರ ಪೈಕಿ ಸುಮಾರು ಶೇ 90ರಷ್ಟು ಮಂದಿ ತಂದೆತಾಯಿಗಿಂತ ಹೆಚ್ಚು ಗಳಿಸಿದ್ದರೆ, 1980ರ ದಶಕದಲ್ಲಿ ಹುಟ್ಟಿದವರಲ್ಲಿ ಆ ಭಾಗ್ಯ ಅರ್ಧದಷ್ಟು ಮಂದಿಗೆ ಮಾತ್ರ ದಕ್ಕಿದೆ. ಪಕ್ಕದ ಮನೆಯ ಕಿರಿಯ ಮಗ ಉಳಿದರ್ಧದವನು.

ಈ ವರ್ಗ ತಾನಾಗಿ ಹುಟ್ಟಿದ್ದಲ್ಲ ಎಂಬುದನ್ನು ಮಿಷಿಗನ್ನಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1936ರ ಡಿಸೆಂಬರ್ ಕೊನೆಯಲ್ಲಿ ಫ್ಲಿಂಟ್ ಪಟ್ಟಣದ ಜನರಲ್ ಮೋಟಾರ್ಸ್ ಕಾರ್ಖಾನೆಗಳಲ್ಲಿ ಕಾರ್ಮಿಕರು ಯಂತ್ರ ನಿಲ್ಲಿಸಿ ಒಳಗೇ ಕೂತರು. ಕಾರಿನ ಸೀಟುಗಳ ಮೇಲೆ ಮಲಗಿ, ಹೊರಗಿನಿಂದ ಬಂದ ಊಟ ಉಂಡು, ನಲವತ್ತನಾಲ್ಕು ದಿನ ಕಳೆದು, ಯೂನಿಯನ್ನಿಗೆ ಮಾನ್ಯತೆ ಪಡೆದ ಮೇಲೆಯೇ ಎದ್ದರು. 1950ರಲ್ಲಿ ವಾಲ್ಟರ್ ರೂಥರ್ ಮುಂದಾಳತ್ವದ ಯೂನಿಯನ್ ಅದೇ ಕಂಪನಿಯೊಂದಿಗೆ ಮಾಡಿಕೊಂಡ ಐದು ವರ್ಷಗಳ ಒಪ್ಪಂದ ಪಿಂಚಣಿಯನ್ನೂ ಆರೋಗ್ಯ ವಿಮೆಯನ್ನೂ ಬೆಲೆ ಏರಿದಂತೆ ಏರುವ ಕೂಲಿಯನ್ನೂ ತಂದಿತು. ಆ ದಶಕದ ನಡುವೆ ಕೂಲಿಗೆ ದುಡಿಯುವ ಮೂವರಲ್ಲಿ ಸುಮಾರು ಒಬ್ಬರು ಯೂನಿಯನ್ನಿನಲ್ಲಿದ್ದರು. 1981ರಲ್ಲಿ ಅಧ್ಯಕ್ಷ ರೇಗನ್ ಮುಷ್ಕರ ಹೂಡಿದ್ದ ಹನ್ನೊಂದು ಸಾವಿರಕ್ಕೂ ಹೆಚ್ಚು ವಿಮಾನ ಸಂಚಾರ ನಿಯಂತ್ರಕರನ್ನು ಕೆಲಸದಿಂದ ಕಿತ್ತುಹಾಕಿದಾಗ ಖಾಸಗಿ ಮಾಲೀಕರಿಗೂ ಬೇಕಾದ ಸನ್ನೆ ಸಿಕ್ಕಿತು. 2024ರಲ್ಲಿ ಯೂನಿಯನ್ ಸದಸ್ಯರ ಪ್ರಮಾಣ ಶೇ 9.9. 2007ರ ಒಪ್ಪಂದಗಳಲ್ಲಿ ಕಾರು ಕಂಪನಿಗಳು ಹೊಸಬರಿಗೆ ಹಳಬರ ಸುಮಾರು ಅರ್ಧದಷ್ಟೇ ಕೂಲಿಯನ್ನು ನಿಗದಿ ಮಾಡಿದವು. ಅಕ್ಕಪಕ್ಕ ನಿಂತು ಒಂದೇ ಬಗೆಯ ಬೋಲ್ಟು ಬಿಗಿಯುವ ಇಬ್ಬರಿಗೆ ಎರಡು ಬಗೆಯ ಸಂಬಳ. ಆ ತಾರತಮ್ಯ ಬಹುಮಟ್ಟಿಗೆ ತೊಲಗಿದ್ದು 2023ರಲ್ಲಿ, ಆರು ವಾರಗಳ ಮುಷ್ಕರದ ನಂತರ. ಯೂನಿಯನ್ ಇಲ್ಲದವರ ಪಾಡಿಗೆ ಕೇಂದ್ರ ಸರ್ಕಾರದ ಕನಿಷ್ಠ ಕೂಲಿಯನ್ನು ನೋಡಿದರೆ ಸಾಕು: 2009ರ ಜುಲೈನಿಂದ ಇಂದಿನವರೆಗೆ ಗಂಟೆಗೆ 7.25 ಡಾಲರ್, ಅದರ ಮೇಲೆ ಒಂದು ಸೆಂಟೂ ಇಲ್ಲ.

ಯಂತ್ರ ಬಂತು, ಚೀನಾ ಬಂತು, ಯಾರೇನು ಮಾಡುವುದಕ್ಕಾಗುತ್ತಿತ್ತು ಎಂದು ಕೈಚೆಲ್ಲುವವರಿದ್ದಾರೆ. ಜರ್ಮನಿಗೂ ಯಂತ್ರ ಬಂತು. ಅಲ್ಲಿನ ದೊಡ್ಡ ಕಂಪನಿಗಳ ಮೇಲ್ವಿಚಾರಣಾ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಕೂರುತ್ತಾರೆ. ಇನ್ನು ಕೆಲವರ ವಾದ ಕೇಳಿದರೆ, ಮಧ್ಯಮ ವರ್ಗದವರೆಲ್ಲ ಶ್ರೀಮಂತರಾಗಿ ಮೇಲಕ್ಕೆ ಹಾರಿಹೋದರು, ಅದಕ್ಕೇ ಇಲ್ಲಿ ಜಾಗ ಖಾಲಿ ಕಾಣುತ್ತಿದೆ. ಹಾಗೆ ಹಾರಿದವರನ್ನು ನಮ್ಮ ಬೀದಿಯಲ್ಲಿ ಒಮ್ಮೆ ತೋರಿಸಲಿ. ತೋರಿಸಲು ಹೊರಟರೆ ಸಿಗುವವರು ನಾನು ಮತ್ತು ನನ್ನಂತೆ ವೀಸಾದ ಮೇಲೆ ಬಂದ ನಾಲ್ಕಾರು ಎಂಜಿನಿಯರುಗಳು. ನನ್ನ ಪದವಿ ಕರ್ನಾಟಕದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನದು, ಒಂದು ರೂಪಾಯಿಯ ಸಾಲವೂ ಇಲ್ಲದೆ ಮುಗಿದದ್ದು. ಈ ದೇಶದ ವಿದ್ಯಾರ್ಥಿ ಸಾಲದ ಮೊತ್ತ 1.6 ಲಕ್ಷ ಕೋಟಿ ಡಾಲರನ್ನು ದಾಟಿದೆ. ನನ್ನ ಏಳಿಗೆಯನ್ನು ಅಮೆರಿಕದ ವ್ಯವಸ್ಥೆಯ ಸಾಧನೆಯೆಂದು ಎಣಿಸುವುದು ನೆರೆಯವರಿಗೆ ಮಾಡುವ ಅನ್ಯಾಯ.

ವಿರೋಧ: ಕುಗ್ಗಿದ್ದು ನಿಜ, ಆದರೆ ಹೆಚ್ಚಿನವರು ಹೋದದ್ದು ಮೇಲಕ್ಕೆ

ಈ ಪಕ್ಷವನ್ನು ನನಗೆ ವಹಿಸಲಾಗಿದೆ. ಇದರ ಪ್ರತಿಯೊಂದು ಮಾತಿಗೂ ನಾನು ಮನಸಾರೆ ಸಹಿ ಹಾಕುತ್ತೇನೆಂದು ಹೇಳಲಾರೆ. ಆದರೆ ಎದುರು ಪಕ್ಷದವರು ಸಾಮಾನ್ಯವಾಗಿ ಓದದೆ ಬಿಡುವ ಕೆಲವು ಸಾಲುಗಳನ್ನು ಓದಿ ಹೇಳಬಲ್ಲೆ.

ಶೇ 61 ಇದ್ದದ್ದು ಶೇ 50 ಆಯಿತು ಎಂಬ ಅದೇ ಪ್ಯೂ ವರದಿಯಲ್ಲಿ, ಕೆಳ ಆದಾಯದವರು ಶೇ 25ರಿಂದ 29ಕ್ಕೂ ಮೇಲಿನವರು ಶೇ 14ರಿಂದ 21ಕ್ಕೂ ಏರಿದ್ದಾರೆ. ಅಂದರೆ ಮಧ್ಯದಲ್ಲಿ ಕಡಿಮೆಯಾದ ಹನ್ನೊಂದರಲ್ಲಿ ಏಳು ಮೇಲೆ ಸೇರಿದೆ, ನಾಲ್ಕು ಕೆಳಗೆ. ಮಧ್ಯದಲ್ಲೇ ಉಳಿದ ಕುಟುಂಬಗಳ ಆದಾಯವೂ ಬೆಲೆ ಏರಿಕೆಯನ್ನು ಕಳೆದ ಮೇಲೆ ಐವತ್ತು ವರ್ಷಗಳಲ್ಲಿ ಸುಮಾರು ಶೇ 50ರಷ್ಟು ಹೆಚ್ಚಿದೆ. ಒಟ್ಟು ಆದಾಯದಲ್ಲಿ ಈ ವರ್ಗದ ಪಾಲು ಇಳಿಯಿತಲ್ಲ ಎಂದು ಕೇಳುವವರಿದ್ದಾರೆ. ಯಾರೂ ಪಾಲನ್ನು ಕೊಟ್ಟು ಅಂಗಡಿಯಲ್ಲಿ ಸಾಮಾನು ತರುವುದಿಲ್ಲ, ಡಾಲರನ್ನು ಕೊಟ್ಟೇ ತರುತ್ತಾರೆ. ತುದಿಯ ಶೇ 1ರಷ್ಟು ಶ್ರೀಮಂತರ ಲೆಕ್ಕದಲ್ಲೂ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ: ಅರ್ಥಶಾಸ್ತ್ರಜ್ಞರಾದ ಪಿಕೆಟ್ಟಿ ಮತ್ತು ಸಾಯೆಜ್ ಅವರ ಲೆಕ್ಕದಲ್ಲಿ ಆ ಶ್ರೀಮಂತರ ಪಾಲು ಗಗನಕ್ಕೇರಿದ್ದರೆ, ಆಟೆನ್ ಮತ್ತು ಸ್ಪ್ಲಿಂಟರ್ ಅವರು ತೆರಿಗೆಯನ್ನು ಕಳೆದು ಸರ್ಕಾರಿ ನೆರವನ್ನು ಕೂಡಿಸಿ ಹಾಕಿದ ಲೆಕ್ಕದಲ್ಲಿ ಅದು ಅಷ್ಟೇನೂ ಏರಿಲ್ಲ.

ಐವತ್ತರ ದಶಕವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವವರಿಗೆ ಇನ್ನೊಂದು ಮಾತು. ಆ ಕಾಲದ ಹೊಸ ಬಡಾವಣೆಗಳಲ್ಲಿ ಕಪ್ಪು ಜನರಿಗೆ ಮನೆಯ ಸಾಲ ಸಿಗುವುದೇ ದುಸ್ತರವಾಗಿತ್ತು. ನಮ್ಮವರ ವಿಷಯಕ್ಕೆ ಬಂದರೆ, 1946ರ ಕಾನೂನು ಭಾರತೀಯರಿಗೆ ನಿಗದಿ ಮಾಡಿದ ವಲಸೆಯ ಕೋಟಾ ವರ್ಷಕ್ಕೆ ಕೇವಲ ನೂರು. ಆ ಕೋಟಾ ಪದ್ಧತಿಯನ್ನು ಕೊನೆಗೊಳಿಸಿದ 1965ರ ತಿದ್ದುಪಡಿ ಆಗದಿದ್ದರೆ ಎದುರು ಪಕ್ಷದ ಬಹುಪಾಲು ಬರಹಗಾರರು ಇಂದು ಅಮೆರಿಕದಲ್ಲಿ ಕೂತು ಹಳೆಯ ಅಮೆರಿಕವನ್ನು ಹೊಗಳುತ್ತಿರಲಿಲ್ಲ.

ನಾನು ನ್ಯೂಜೆರ್ಸಿಯಲ್ಲಿ ತೆರಿಗೆ ಲೆಕ್ಕ ಬರೆದುಕೊಡುವವನು. ಪ್ರತಿ ವರ್ಷ ಜನವರಿ ಕೊನೆಯಿಂದ ಜನರ ವರ್ಷದ ಗಳಿಕೆಯೆಲ್ಲ ಡಬ್ಲ್ಯು-2 ಎಂಬ ಒಂದು ಹಾಳೆಯಾಗಿ ನನ್ನ ಮೇಜಿಗೆ ಬರುತ್ತದೆ. ಆಸ್ಪತ್ರೆಯ ನರ್ಸ್ ಒಬ್ಬರು, ಅವರ ಎಲೆಕ್ಟ್ರಿಷಿಯನ್ ಗಂಡ, ಒಬ್ಬಳು ಮಗಳು. 2020ರಲ್ಲಿ ಇಬ್ಬರದೂ ಸೇರಿ 1,68,000 ಡಾಲರ್. ಮೂರು ಜನರ ಕುಟುಂಬಕ್ಕೆ ಆ ವರ್ಷ 1,56,600 ದಾಟಿದರೆ ಪ್ಯೂ ಅಳತೆಯಲ್ಲಿ ಮೇಲ್ವರ್ಗ. ಇಲ್ಲಿಯ ದುಬಾರಿ ಬದುಕನ್ನು ಲೆಕ್ಕಕ್ಕೆ ತರದೆ ಹೇಳುವುದಾದರೆ ಇವರು ನನ್ನ ವಾದಕ್ಕೆ ಹೇಳಿ ಮಾಡಿಸಿದ ಉದಾಹರಣೆ: ಕೈಕೆಲಸದ ಮನೆತನದಲ್ಲಿ ಹುಟ್ಟಿ, ದುಡಿದು, ಮೇಲೆ ಬಂದವರು. ಅಭಿನಂದನೆ ಹೇಳುವ ಧಾಟಿಯಲ್ಲೇ ಅವರಿಗೆ ಇದನ್ನು ತಿಳಿಸಿದೆ. ಆಕೆ ನಕ್ಕು, ಕೈಚೀಲದಿಂದ ಮಗಳ ಕಾಲೇಜಿನ ಫೀ ಪಟ್ಟಿಯನ್ನು ತೆಗೆದು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು. ಗಂಡ ಅದನ್ನು ನೋಡದಂತೆ ಕಿಟಕಿಯ ಕಡೆ ಮುಖ ಮಾಡಿ, ರಿಫಂಡ್ ಹಣ ಖಾತೆಗೆ ಎಷ್ಟು ದಿನದಲ್ಲಿ ಬೀಳುತ್ತದೆ ಎಂದು ಕೇಳಿದರು. ಸಾಮಾನ್ಯವಾಗಿ ಮೂರು ವಾರ ಎಂದೆ. ಸ್ವಲ್ಪ ಬೇಗ ಮಾಡಿಸಲು ಸಾಧ್ಯವೇ ಎಂದರು.