ನಲವತ್ತು ಅಂಗೈ, ಒಂದು ಸಹಿ

ದಾವಣಗೆರೆಗೆ ಕಲಾವಿದರ ಸೀಸನ್ ಶುರುವಾಗಿದೆ. ಬೆಂಗಳೂರಿನಿಂದ ರೈಲಿನಲ್ಲಿ ಬಂದಿಳಿದು, ಬೆಣ್ಣೆದೋಸೆ ತಿಂದು, ಸೀದಾ ಮಂಡಕ್ಕಿ ಭಟ್ಟಿಗೆ ಹೋಗಿ 'ಸಮುದಾಯದೊಂದಿಗೆ ಸಂವಾದ' ಮಾಡುತ್ತಾರೆ. ಈ ಊರಲ್ಲಿ 1964ರಿಂದಲೇ ಚಿತ್ರಕಲಾ ಕಾಲೇಜು ಇದೆ ಅಂದರೆ, 'ಹೌದಾ?' ಅಂತ ಹುಬ್ಬೇರಿಸುತ್ತಾರೆ.

ಮೊನ್ನೆ ನಾನೂ ಅವರ ಹಿಂದೆ ಹೋಗಿದ್ದೆ. ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು. ಹೊಗೆ ತಡೆಯಲಾಗದೆ ನಾನು ಆಚೆ ಓಡಿದೆ. ಕಲಾವಿದರು ಮಾತ್ರ ಒಳಗೇ ನಿಂತು 'ಆಹಾ, ಏನು ಟೆಕ್ಸ್ಚರ್!' ಅಂತ ಕಣ್ಣೀರು ಹಾಕುತ್ತಿದ್ದರು. ಭಾವುಕರಾಗಿದ್ದಕ್ಕೋ ಹೊಗೆಗೋ, ಗೊತ್ತಾಗಲಿಲ್ಲ.

ಆಮೇಲೆ ಎಲ್ಲರನ್ನೂ ದುಂಡಗೆ ಕೂರಿಸಿದರು.

"ನಿಮ್ಮ ಕನಸೇನು ಅಜ್ಜಿ?"

"ಹೊಗೆ ಮೇಲಕ್ಕೆ ಹೋಗಂಗೆ ಒಂದು ಚಿಮಣಿ ಹಾಕ್ಸಿಕೊಡು ತಮ್ಮಾ."

ಜೋರು ಚಪ್ಪಾಳೆ. ಕಲಾವಿದರು ನೋಟ್‌ಬುಕ್ಕಿನಲ್ಲಿ 'ಚಿಮಣಿ' ಅಂತ ಬರೆದುಕೊಂಡರು. ಪಕ್ಕದಲ್ಲಿ 'ರೂಪಕ' ಅಂತ ಸೇರಿಸಿದರು.

ಇಂಥ ಕಲೆಯೇ ಸುಳ್ಳು ಅಂತ ನಾನು ಹೇಳುವುದಿಲ್ಲ. ನವಜೋತ್ ಅಲ್ತಾಫ್ ಎಂಬ ಕಲಾವಿದೆ ಛತ್ತೀಸಗಢದ ಬಸ್ತರ್‌ನ ಕೊಂಡಗಾಂವ್‌ನಲ್ಲಿ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೈಪಂಪಿನ ಸುತ್ತ ಕಟ್ಟೆ ಕಟ್ಟಿದರು. ನೀರು ತರುವ ಹೆಂಗಸರು ಕೊಡ ಇಡಲು, ಎತ್ತಲು ಸುಲಭವಾಗಲಿ ಅಂತ ಲೆಕ್ಕ ಹಾಕಿ ಕಟ್ಟಿದ್ದು. ಅಲ್ಲಿ ಕೊಡ ಅಂದರೆ ಕೊಡವೇ. ಸೊಂಟನೋವು ಅಂದರೆ ಸೊಂಟನೋವೇ.

ನಮ್ಮಲ್ಲಿ ಅಷ್ಟು ಪುರುಸೊತ್ತು ಯಾರಿಗಿದೆ? ಮೂರು ದಿನದ ಪ್ರಾಜೆಕ್ಟು. ಒಂದು ಗೋಡೆಗೆ ಸುಣ್ಣ ಬಳಿದು, ನಲವತ್ತು ಜನರ ಅಂಗೈಗೆ ಬಣ್ಣ ಹಚ್ಚಿ ಒತ್ತಿಸಿದರು. ಮೂರು ದಿನ ಕೆಲಸ ಬಿಟ್ಟು ಬಂದವರಿಗೆ ಕೂಲಿ ಇಲ್ಲ. 'ಸಹಸೃಷ್ಟಿಕರ್ತರು' ಅಂತ ಸರ್ಟಿಫಿಕೇಟು ಕೊಟ್ಟರು, ಅದೂ ಇಂಗ್ಲಿಷಿನಲ್ಲಿ. ಅಜ್ಜಿ ಅದನ್ನು ರೇಷನ್ ಕಾರ್ಡಿನ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದಾಳೆ. ಯಾವುದಾದರೂ ಸ್ಕೀಮು ಬಂದರೆ ಬೇಕಾಗುತ್ತೆ, ಅಲ್ವಾ?

ಗೋಡೆಯ ಫೋಟೋ ಬೆಂಗಳೂರಿನ ಗ್ಯಾಲರಿಯಲ್ಲಿ ತೂಗಿತು. ಮೂಲೆಯಲ್ಲಿ ಕಲಾವಿದರ ಸಹಿ. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ 'ಸ್ಥಳೀಯರ ಸಹಕಾರದೊಂದಿಗೆ'. ಬಂದವರಿಗೆ ಪುಟ್ಟ ಕಪ್ಪಿನಲ್ಲಿ ಮಂಡಕ್ಕಿ ಕೊಟ್ಟರಂತೆ. ಮಿರ್ಚಿ ಇರಲಿಲ್ಲವಂತೆ. ಮಂಡಕ್ಕಿಗೆ ಮಿರ್ಚಿ ಇಲ್ಲದ ಸಮುದಾಯ ಯಾವುದಪ್ಪಾ?

ಇಲ್ಲಿ ಗೋಡೆ ಆಗಲೇ ಮಸಿ ಹಿಡಿದಿದೆ. ಯಾರ ಅಂಗೈ ಯಾವುದು, ಗುರುತೇ ಸಿಗುತ್ತಿಲ್ಲ. ನಿನ್ನೆ ಮತ್ತೊಂದು ತಂಡ ಕ್ಯಾಮೆರಾ, ಬಣ್ಣದ ಡಬ್ಬಿ ಹಿಡಿದು ಬಂತು. ಅಜ್ಜಿ ಮರಳು ತಿರುವುತ್ತಲೇ ಕೇಳಿದಳು:

"ಈ ಸಲ ಯಾವ ಕೈ ತಮ್ಮಾ, ಎಡದ್ದಾ ಬಲದ್ದಾ?"